ಕೂರುವ ಗುಂಪು

ಜೂನ್ ೩, ಮಂಗಳವಾರ

ರಜೆ ಮುಗಿಯಿತು. ಇಂದು ಕೆಲಸಕ್ಕೆ ಹೋದೆ.

ಪ್ರಯೋಗಶಾಲೆಯ ಪ್ರಾಣಿಕೋಣೆಯಲ್ಲಿ ಏನೂ ಬದಲಾಗಿಲ್ಲ. ಬಾಗಿಲು ತೆರೆದೊಡನೆ ಮರದ ಹೊಟ್ಟಿನ ವಾಸನೆ, ಗೋಡೆಯುದ್ದಕ್ಕೂ ಇಲಿಗಳ ಪಂಜರಗಳು, ಗಾಳಿಯಾಡಿಸುವ ಯಂತ್ರದ ಒಂದೇ ಸಮನಾದ ಗೊಣಗು. ನಾನಿಲ್ಲದಾಗ ನೋಡಿಕೊಂಡವರು ಎಲ್ಲವನ್ನೂ ಚೊಕ್ಕಟವಾಗಿಯೇ ಇಟ್ಟಿದ್ದರು. ನೀರಿನ ಸೀಸೆಗಳ ಮೂತಿಯನ್ನು ಮಾತ್ರ ಸರಿಯಾಗಿ ಉಜ್ಜಿರಲಿಲ್ಲ. ಉಜ್ಜಿದೆ.

ಈ ಸಲದ ಇಲಿಗಳಲ್ಲಿ ಎರಡು ಗುಂಪು. ಒಂದು ಓಡುವ ಗುಂಪು, ಮತ್ತೊಂದು ಕೂರುವ ಗುಂಪು. ಓಡುವವನ್ನು ದಿನವೂ ಪುಟ್ಟ ಟ್ರೆಡ್‌ಮಿಲ್ ಮೇಲೆ ಓಡಿಸುತ್ತೇನೆ. ಕೂರುವವನ್ನೂ ಅಷ್ಟೇ ಹೊತ್ತು ಇನ್ನೊಂದು ಟ್ರೆಡ್‌ಮಿಲ್ ಮೇಲೆ ಇಡುತ್ತೇನೆ. ಆದರೆ ಅದರ ಗುಂಡಿ ಒತ್ತುವುದಿಲ್ಲ. ಕೈಯಿಂದ ಹಿಡಿದೆತ್ತುವುದು, ಬೆಳಕು, ಸದ್ದು, ರಬ್ಬರಿನ ವಾಸನೆ ಎಲ್ಲವೂ ಎರಡು ಗುಂಪಿಗೂ ಸಮನಾಗಿರಬೇಕು, ಓಟವೊಂದೇ ವ್ಯತ್ಯಾಸವಾಗಿರಬೇಕು. ಕೆಲವು ವಾರಗಳ ಅನಂತರ ಎಲ್ಲಕ್ಕೂ ಅರಿವಳಿಕೆ ಕೊಟ್ಟು, ಹೃದಯದ ಒಂದು ರಕ್ತನಾಳವನ್ನು ಸ್ವಲ್ಪ ಹೊತ್ತು ಬಿಗಿದು, ಮತ್ತೆ ಸಡಿಲಿಸುತ್ತಾರೆ. ಯಾವ ಹೃದಯಕ್ಕೆ ಎಷ್ಟು ಪೆಟ್ಟಾಯಿತೆಂದು ಆಮೇಲೆ ನೋಡುತ್ತಾರೆ. ಓಡಿದ ಹೃದಯಕ್ಕೆ ಪೆಟ್ಟು ಕಡಿಮೆ. ಇದು ಹೊಸ ಸಂಗತಿಯೇನಲ್ಲ. ಹೃದಯದೊಳಗೆ ಯಾವುದು ಹಾಗೆ ಕಾಯುತ್ತದೆ ಎಂಬುದನ್ನು ನಮ್ಮ ಮುಖ್ಯಸ್ಥೆ ಹುಡುಕುತ್ತಿದ್ದಾರೆ.

ಅವರು ಮಧ್ಯಾಹ್ನ ಬಂದು ಬಾಗಿಲಲ್ಲೇ ನಿಂತರು.

“ಹೇಗಿದ್ದಾರೆ ನಿಮ್ಮ ಯಜಮಾನರು?”

“ಚೆನ್ನಾಗಿದ್ದಾರೆ ಮೇಡಂ.”

“ನೀವು?”

“ನಾನೂ.”

ಮನೆಗೆ ಬಂದಾಗ ಇವರು ಕಿಟಕಿಯ ಬಳಿಯ ಕುರ್ಚಿಯಲ್ಲಿ, ಬೆಳಗ್ಗೆ ನಾನು ಕೂರಿಸಿ ಹೋದಂತೆಯೇ ಕುಳಿತಿದ್ದರು. ಅತ್ತೆ ಬಾಯಿಯ ಮೇಲೆ ಬೆರಳಿಟ್ಟು ಸದ್ದು ಮಾಡಬೇಡವೆಂದರು. ಇವರು ನಿದ್ದೆ ಮಾಡುತ್ತಿರಲಿಲ್ಲ. ನನ್ನನ್ನು ನೋಡಿದರು. ನನಗೆ ಏನೂ ಅನ್ನಿಸಲಿಲ್ಲ. ಅದನ್ನೂ ಬರೆದಿಡುತ್ತಿದ್ದೇನೆ.

ಜೂನ್ ೫, ಗುರುವಾರ

ಮುಂಚೆ ಬೆಳಗಿನ ನಡಿಗೆಗೆ ಹೊರಡುತ್ತಿದ್ದ ಹೊತ್ತಿಗೆ ಇವರು ಬೂಟು ಕೇಳುತ್ತಾರೆ. ಆಸ್ಪತ್ರೆಯಿಂದ ಬಂದ ಮೇಲೆ ಹೀಗೊಂದು ರೂಢಿಯಾಗಿದೆ. ಬಗ್ಗಬಾರದೆಂದು ನಾನೇ ಮಂಡಿಯೂರಿ ಲೇಸು ಕಟ್ಟುತ್ತೇನೆ. ಬೂಟು ತೊಟ್ಟು, ನಡಿಗೆಗೆ ಹಿಡಿಯುತ್ತಿದ್ದಷ್ಟು ಹೊತ್ತು ಕುರ್ಚಿಯಲ್ಲಿ ಕುಳಿತು, ಬೀದಿಯಲ್ಲಿ ಹೋಗಿಬರುವವರನ್ನು ನೋಡುತ್ತಾರೆ. ಹೊತ್ತು ಮುಗಿದ ಮೇಲೆ ಬಿಚ್ಚುತ್ತೇನೆ. ಏಕೆಂದು ನಾನು ಕೇಳಿಲ್ಲ. ಅತ್ತೆಯೂ ಕೇಳಿಲ್ಲ.

ಇವರದು ಕ್ಷೌರದ ಅಂಗಡಿ. ದಿನವಿಡೀ ನಿಲ್ಲುವ ಕೆಲಸ. ಆದರೆ ನಿಲ್ಲುವುದು ನಡೆಯುವುದಾಗುವುದಿಲ್ಲ. ಎರಡು ವರ್ಷಗಳ ಹಿಂದೆ ನಾನು ಹಟ ಹಿಡಿದು ಬೆಳಗಿನ ನಡಿಗೆಗೆ ಹೊರಡಿಸಿದೆ. “ದಿನಾ ಅಷ್ಟು ಜನರ ತಲೆ ಸುತ್ತ ಪ್ರದಕ್ಷಿಣೆ ಹಾಕ್ತೀನಿ, ಸಾಲದಾ ನಿನಗೆ?” ಎಂದು ಮೊದಮೊದಲು ರೇಗಿದರು. ಆಮೇಲೆ ನನಗಿಂತ ಮುಂಚೆ ಎದ್ದು ಕಾಯತೊಡಗಿದರು. ಉಸಿರು ಏರುವಂತೆ ಬಿರುಸಾಗಿ ನಡೆಯುತ್ತಿದ್ದೆವು. ಹಾಗೆ ನಡೆಯುವಾಗಲೇ, ಮೇಲ್ಸೇತುವೆಯ ಮೆಟ್ಟಿಲ ಮೇಲೆ, ಎದೆ ಹಿಡಿದುಕೊಂಡು ಕುಸಿದರು.

ಆಸ್ಪತ್ರೆಯ ಪಡಸಾಲೆಯಲ್ಲಿ ಅತ್ತೆ ನನಗೆ ಹೇಳಿದ್ದು ಒಂದೇ ಮಾತು. “ನೀನು ನಡೆಸಿದ್ದು ಸಾಕು ಕಣೇ.” ಜೋರಾಗಿ ಹೇಳಲಿಲ್ಲ. ಮತ್ತೆಂದೂ ಹೇಳಿಲ್ಲ.

ಜೂನ್ ೮, ಭಾನುವಾರ

ಪಕ್ಕದ ಬೀದಿಯ ಬಡಗಿ ಬಂದಿದ್ದರು. ಇವರ ಹಳೆಯ ಗೆಳೆಯರು. ಕೂದಲು ಕಿವಿ ಮುಚ್ಚಿತ್ತು.

“ಏನಯ್ಯಾ, ಇನ್ನೂ ಎಷ್ಟು ದಿನ ಹೀಗೆ ಪಟ್ಟಕ್ಕೆ ಬಂದವನ ಹಾಗೆ ಕೂತಿರ್ತೀಯಾ? ನನ್ನ ಹೆಂಡತಿಗೆ ನನ್ನ ಗುರುತೇ ಸಿಗ್ತಿಲ್ಲ.”

“ಅದು ಅವಳ ಪುಣ್ಯ,” ಎಂದರು ಇವರು.

“ಬೇರೆ ಅಂಗಡೀಲಿ ಮಾಡಿಸ್ಕೋಬಾರದೇನಪ್ಪಾ?” ಎಂದರು ಅತ್ತೆ.

“ಹೋಗಿದ್ದೆ ಅಮ್ಮಾ. ಅಲ್ಲಿಯವನು ಮಾತೇ ಆಡಲ್ಲ. ಸುಮ್ನೆ ಕತ್ತರಿಸ್ತಾನೆ. ನಾನೇನು ಮರದ ತುಂಡಾ? ಅರ್ಧಕ್ಕೇ ಎದ್ದುಬಂದೆ.”

ಇವರು ಕತ್ತರಿ ಪೆಟ್ಟಿಗೆ ತರಿಸಿದರು. ಬಡಗಿಯನ್ನು ಕುರ್ಚಿಯ ಮುಂದೆ ಗಿಡ್ಡ ಸ್ಟೂಲಿನ ಮೇಲೆ ಕೂರಿಸಿಕೊಂಡು ಶುರು ಮಾಡಿದರು. ಬಾಚಣಿಗೆಯನ್ನು ಎಂದಿನಂತೆ ಎರಡು ಬೆರಳ ನಡುವೆ ಸಿಕ್ಕಿಸಿಕೊಂಡಿದ್ದರು.

“ಈ ಕಡೆ ತಿರುಗು. ಇನ್ನೂ ಸ್ವಲ್ಪ. ಈಗ ಬೆನ್ನು ಕೊಡು.”

“ಮುಂಚೆ ನೀನು ನನ್ನ ಸುತ್ತ ತಿರುಗ್ತಿದ್ದೆ. ಈಗ ಗಿರಾಕೀನೇ ತಿರುಗಬೇಕು. ಎಂಥಾ ಕಾಲ ಬಂತು.”

“ಬಾಯಿ ಮುಚ್ಚು, ಕಿವಿ ಹೋದೀತು.”

“ಹೋಗ್ಲಿ ಬಿಡು. ಮನೇಲಿ ಕೇಳೋದು ತಪ್ಪುತ್ತೆ.”

ನೆತ್ತಿಯ ಕೂದಲು ಎಟುಕಲಿಲ್ಲ. ಇವರು ಕತ್ತರಿಯನ್ನು ತೊಡೆಯ ಮೇಲಿಟ್ಟು, ಏಳಲು ಕುರ್ಚಿಯ ಎರಡೂ ಕೈಗಳನ್ನು ಊರಿ ಹಿಡಿದರು.

“ಬೇಡ.”

ಅತ್ತೆ ಹೇಳಿದರೆಂದು ಅವರತ್ತ ನೋಡಿದೆ. ಅವರು ನನ್ನತ್ತ ನೋಡುತ್ತಿದ್ದರು. ಹೇಳಿದವಳು ನಾನು.

ಬಡಗಿ ಸ್ಟೂಲು ಸರಿಸಿ, ನೆಲದ ಮೇಲೆ ಕುಳಿತು, ಇವರ ಮಂಡಿಗೆ ತಲೆ ಬಗ್ಗಿಸಿ ಕೊಟ್ಟರು. ಕೂದಲು ಒಂದು ಕಡೆ ಕೊಂಚ ಏರುಪೇರಾಯಿತು. ಹೋಗುವಾಗ ಕನ್ನಡಿ ನೋಡಿಕೊಂಡು ಚೆನ್ನಾಗಿದೆ ಎಂದರು. ನಾನು ಕೂದಲು ಗುಡಿಸಿದೆ.

ಜೂನ್ ೧೨, ಗುರುವಾರ

ಇವರನ್ನು ಹೃದಯದ ವೈದ್ಯರ ಬಳಿ ಕರೆದೊಯ್ದೆ. ಎದೆಯ ಮೇಲೆ ತಣ್ಣನೆಯ ಅಂಟು ಸವರಿ, ಪರದೆಯ ಮೇಲೆ ಹೃದಯದ ಚಿತ್ರ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಇವರಿಗೆ ಅಂಗಿ ತೊಡಲು ಹೇಳಿ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

“ಆವತ್ತು ರಕ್ತನಾಳ ಪೂರ್ತಿ ಮುಚ್ಚಿತ್ತು. ಅದನ್ನ ನೋಡಿದ್ರೆ ಪೆಟ್ಟು ಇನ್ನೂ ದೊಡ್ಡದಾಗಬೇಕಿತ್ತು. ಹೃದಯ ಪರವಾಗಿಲ್ಲ. ಆದ್ರೆ ನೀವು ಪರವಾಗಿಲ್ಲ ಅನ್ನೋ ಹಾಗೆ ಕಾಣ್ತಿಲ್ಲವಲ್ಲ. ಕಾಲು ನೋಡಿ, ಸಣ್ಣಗಾಗಿದೆ. ಸ್ನಾನ ಮಾಡಿದ್ರೆ ಏದುಸಿರು ಬರುತ್ತೆ ಅಂತೀರಿ. ನಡೀತಿದ್ದೀರಾ?”

ಇವರು ನನ್ನ ಮುಖ ನೋಡಿದರು.

“ಇಲ್ಲ,” ಎಂದೆ.

“ಯಾಕೆ? ನಡೆಯಲೇಬೇಕು. ಮೊದಲು ಬೀದಿ ಮೂಲೆವರೆಗೆ, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಎದೆ ನೋವು ಬಂದ್ರೆ ನಿಲ್ಲಿಸಿ ನಮಗೆ ಫೋನ್ ಮಾಡಿ. ಬರೀ ಭಯ ಆದ್ರೆ ನಿಲ್ಲಿಸಬೇಡಿ. ಮುಂದಿನ ತಿಂಗಳು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡ್ತೀನಿ. ಅದರಲ್ಲಿ ಸರಿ ಇದ್ರೆ ಅಂಗಡಿ ತೆಗೀರಿ. ಹೀಗೇ ಕೂತಿದ್ರೆ ಮಾತ್ರ ಈ ಏದುಸಿರೇ ಖಾಯಂ ಆಗುತ್ತೆ. ಆಗ ಅಂಗಡಿ ಮರೆತುಬಿಡಿ.”

ಇವರು ಮತ್ತೆ ನನ್ನ ಮುಖ ನೋಡಿದರು. ನಾನು ವೈದ್ಯರಿಗೆ, “ಆಗಲಿ, ನೋಡಿಕೊಳ್ಳುತ್ತೇನೆ,” ಎಂದೆ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕೇಳಿದರು. “ಏನಂದ್ರು?”

“ಜೋಪಾನವಾಗಿರಬೇಕಂತೆ.”

ಇವರು ಕೇಳಿಸಿಕೊಂಡರು. ಕುರ್ಚಿಗೆ ಹೋಗಿ ಕುಳಿತರು. ನಾನು ನೀರು ಕೊಟ್ಟೆ, ಮಾತ್ರೆ ಕೊಟ್ಟೆ, ಬೂಟು ಬಿಚ್ಚಿದೆ.

ಜೂನ್ ೧೩, ಶುಕ್ರವಾರ

ಓಡುವವು ಓಡಿದವು. ಕೂರುವವು ಕುಳಿತವು. ಸೆಖೆ.

ಜೂನ್ ೧೭, ಮಂಗಳವಾರ

ಕೆಲಸದಲ್ಲಿ ತಪ್ಪು ಮಾಡಿದೆ. ಇಷ್ಟು ವರ್ಷಗಳಲ್ಲಿ ಮಾಡಿರದಂಥದು.

ಕೂರುವ ಗುಂಪಿನ ಒಂದು ಪಂಜರದ ಇಲಿಗಳನ್ನು ಅವುಗಳ ಟ್ರೆಡ್‌ಮಿಲ್ ಮೇಲೆ ಇಟ್ಟು ಗುಂಡಿ ಒತ್ತಿದೆ. ಬೆಲ್ಟು ಹೊರಟಿತು. ಮೊದಲ ಕ್ಷಣ ಅವು ಹಿಂದಕ್ಕೆ ಜಾರಿ, ತುದಿಯ ಮೆತ್ತನೆಯ ಕುಂಚಕ್ಕೆ ಬೆನ್ನು ತಾಗಿಸಿ ಬೆದರಿದವು. ಅನಂತರ ಒಂದು ಓಡಿತು. ಅದನ್ನು ನೋಡಿ ಇನ್ನೊಂದು. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಓಡುತ್ತಿದ್ದವು. ಬಾಲ ನೆಲಕ್ಕೆ ತಾಗದಂತೆ ಎತ್ತಿಕೊಂಡು, ಕಿವಿ ಹಿಂದಕ್ಕೆ ಮಾಡಿಕೊಂಡು ಓಡುತ್ತಿದ್ದವು. ನಾನು ನೋಡುತ್ತ ನಿಂತಿದ್ದೆ. ತಪ್ಪೆಂದು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ನಿಂತೆನೋ ಎಂಬುದನ್ನು ಈಗ ನಿರ್ಧರಿಸಲಾರೆ.

ಮುಖ್ಯಸ್ಥೆ ಬಂದರು. “ಇವು ಕೂರೋ ಗುಂಪು ಅಲ್ವಾ?”

ಗುಂಡಿ ಒತ್ತಿ ನಿಲ್ಲಿಸಿದೆ. ಇಲಿಗಳು ನಿಂತ ಬೆಲ್ಟಿನ ಮೇಲೆ ಇನ್ನೂ ಒಂದೆರಡು ಹೆಜ್ಜೆ ಓಡಿದವು.

ಅವರು ಬೈಯಲಿಲ್ಲ. ಪಕ್ಕದ ಬೆಂಚಿನ ಮೇಲೆ ಕುಳಿತು ಕನ್ನಡಕ ತೆಗೆದು ಒರೆಸಿದರು. “ಇವನ್ನ ಇನ್ನು ಕೂರೋ ಗುಂಪಲ್ಲಿ ಇಡೋ ಹಾಗಿಲ್ಲ. ಓಡೋ ಗುಂಪಿಗೂ ಸೇರಿಸೋ ಹಾಗಿಲ್ಲ. ಹೊಸಬರು ಕೈ ಪಳಗಿಸ್ಕೊಳ್ಳೋಕೆ ಕೊಟ್ಟುಬಿಡೋಣ.”

“ಒಂದೇ ದಿನ ಓಡಿದ್ದಲ್ವಾ ಮೇಡಂ. ಅಷ್ಟಕ್ಕೇ ಏನಾಗುತ್ತೆ?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಒಂದು ದಿನದ ಓಟಕ್ಕೂ ಹೃದಯ ಸ್ವಲ್ಪ ಗಟ್ಟಿಯಾಗುತ್ತೆ. ಆಮೇಲೆ ಬಿಟ್ಟರೆ ಅದು ಇಳಿದುಹೋಗುತ್ತೆ. ಆದ್ರೆ ಒಂದೇ ಸಲ ಓಡಿದ್ರೂ ಸ್ವಲ್ಪ ದಿನ ಅದು ಇರುತ್ತೆ. ಹೋದ ವರ್ಷ ಇದನ್ನ ನೀವೇ ಹೊಸ ಹುಡುಗೀರಿಗೆ ಹೇಳಿಕೊಡ್ತಿದ್ರಿ.”

ಹೌದು. ನನಗೆ ತಿಳಿದ ವಿಷಯ. ಏಕೆ ಕೇಳಿದೆನೋ ತಿಳಿಯದು.

“ರಜೆ ಇನ್ನೂ ಸ್ವಲ್ಪ ಬೇಕಾ?”

“ಬೇಡ ಮೇಡಂ. ಮನೆಯಲ್ಲಿ ಕೂರೋಕಾಗಲ್ಲ.”

“ಸರಿ. ಸ್ವಲ್ಪ ದಿನ ಹೃದಯದ ಹೋಳುಗಳಿಗೆ ಬಣ್ಣ ಹಾಕೋ ಮೇಜಿನ ಕೆಲಸ ಮಾಡಿ.”

ಜೂನ್ ೧೮, ಬುಧವಾರ

ಬೂಟು ತೊಡಿಸಿದೆ. ಬಿಚ್ಚಿದೆ.

ಜೂನ್ ೨೪, ಮಂಗಳವಾರ

ಮೊದಲ ತಂಡದ ಹೃದಯಗಳು ಬಂದವು. ಒಂದೊಂದೂ ಹುರುಳಿಗಿಂತ ದೊಡ್ಡದು, ನೆಲ್ಲಿಕಾಯಿಗಿಂತ ಚಿಕ್ಕದು. ತಣ್ಣಗೆ ಗಟ್ಟಿಯಾಗಿಸಿ, ತೆಳ್ಳಗೆ ಹೋಳು ಮಾಡಿ, ಬೆಚ್ಚಗಿನ ಬಣ್ಣದ ನೀರಿನಲ್ಲಿ ಅದ್ದಬೇಕು. ಬದುಕಿರುವ ಸ್ನಾಯು ಇಟ್ಟಿಗೆಯ ಕೆಂಪಾಗುತ್ತದೆ. ಸತ್ತದ್ದು ಬಣ್ಣ ಹೀರುವುದಿಲ್ಲ; ಬಿಳುಚಿಯೇ ಉಳಿಯುತ್ತದೆ.

ಕೂತಿದ್ದ ಇಲಿಯ ಹೃದಯದಲ್ಲಿ ಬಿಳುಪು ಒಂದು ಬದಿಯನ್ನೆಲ್ಲ ಹಬ್ಬಿತ್ತು. ಓಡಿದ ಇಲಿಯದರಲ್ಲಿ ಉಗುರಿನ ಬುಡದ ಬಿಳಿಯಷ್ಟು ತೆಳುವಾದ ಅಂಚು, ಅಷ್ಟೇ. ಮಿಕ್ಕದ್ದೆಲ್ಲ ಕೆಂಪು. ಇದನ್ನು ಎಷ್ಟೋ ಸಲ ನೋಡಿದ್ದೇನೆ. ಇಂದು ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದುಕೊಂಡೇ ಇದ್ದೆ.

“ಮೇಡಂ, ಓಡ್ತಿರುವಾಗಲೇ ನಾಳ ಮುಚ್ಚಿಕೊಂಡರೆ?”

“ಇಲಿಗಾ?”

“ಅಲ್ಲ.”

ಅವರು ಕೈಯಲ್ಲಿದ್ದ ಚಿಮುಟವನ್ನು ಕೆಳಗಿಟ್ಟರು. “ಎಷ್ಟು ದಿನದಿಂದ ನಡೀತಿದ್ರು ಅವರು?”

“ಎರಡು ವರ್ಷ. ನಾನೇ ನಡೆಸ್ತಿದ್ದೆ.”

“ನಾಳ ಮುಚ್ಚಿಕೊಳ್ಳೋದು ಒಂದು ಬೆಳಗ್ಗೆಯ ಕೆಲಸ ಅಲ್ಲ. ಒಳಗೊಳಗೇ ಎಷ್ಟೋ ವರ್ಷ ನಡೆದಿರುತ್ತೆ. ಸೇದ್ತಿದ್ರಾ?”

“ಮದುವೆಗೆ ಮುಂಚಿನಿಂದ. ಹೋದ ವರ್ಷ ಬಿಟ್ಟರು.”

“ನೋಡಿ ಮತ್ತೆ. ಬಿರುಸಾಗಿ ನಡೆದಾಗ ಕೆಲವರಿಗೆ ಅದು ಆವತ್ತೇ ಹೊರಗೆ ಬರೋದು ಉಂಟು, ಇಲ್ಲ ಅನ್ನಲ್ಲ. ಕುರ್ಚೀಲಿ ಕೂತಿದ್ದಾಗ ಬರೋದೂ ಉಂಟು. ಆದ್ರೆ ಎರಡು ವರ್ಷದ ನಡಿಗೆ ಎಲ್ಲೂ ಹೋಗಿರಲ್ಲ. ಪೆಟ್ಟು ಚಿಕ್ಕದಾಗಿದ್ರೆ ಅದರಿಂದಲೇ ಇರಬಹುದು.”

“ಇರಬಹುದಾ?”

“ಇರಬಹುದು. ಆಣೆ ಇಟ್ಟು ಹೇಳೋಕಾಗಲ್ಲ. ನಡೆಯದೇ ಇದ್ದ ನಿಮ್ಮ ಯಜಮಾನರು ಇನ್ನೊಬ್ಬರು ಇದ್ದಿದ್ರೆ ಪಕ್ಕದಲ್ಲಿಟ್ಟು ನೋಡಬಹುದಿತ್ತು.”

“ಒಬ್ಬರೇ ಸಾಕು ಮೇಡಂ.”

ಅವರು ನಕ್ಕರು. ನಗಿಸಬೇಕೆಂದು ನಾನು ಹೇಳಿರಲಿಲ್ಲ.

ತಟ್ಟೆಗಳನ್ನು ತೊಳೆದು ಒರಗಿಸಿಟ್ಟು ಬಂದೆ. ಬಸ್ಸಿನಲ್ಲಿ ಕೂರಲು ಜಾಗವಿತ್ತು, ನಿಂತೇ ಬಂದೆ.

ಜೂನ್ ೨೮, ಶನಿವಾರ

ಇವರಿಗೆ ನೀರು ಕೊಡುವುದನ್ನು ಮರೆತೆ. ಅತ್ತೆ ಮಲಗಿದ್ದರು. ನಾನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಹಿಂದೆ ಲೋಟದ ಸದ್ದಾಯಿತು. ಇವರು ಗೋಡೆ ಹಿಡಿದುಕೊಂಡು ಬಂದು, ತಾವೇ ಬಗ್ಗಿಸಿಕೊಂಡು ಕುಡಿದು, ಲೋಟವನ್ನು ತೊಳೆದೂ ಇಟ್ಟರು. ನಾನು ಹೆಚ್ಚುತ್ತಿದ್ದೆ. ಇವರು ಮರಳಿ ಹೋಗುವ ಹೆಜ್ಜೆಯ ಸದ್ದು ಕೇಳಿಸುತ್ತಿತ್ತು.

ಜುಲೈ ೧, ಮಂಗಳವಾರ

ಇಂದು ಬೂಟು ತೊಡಿಸುವಾಗ ಬಸ್ಸಿಗೆ ಹೊತ್ತಾಗಿತ್ತು. ಲೇಸು ಕಟ್ಟದೆ ಹೊರಟೆ. ಬೀದಿಯಿಂದ ತಿರುಗಿ ನೋಡಿದಾಗ ಕಿಟಕಿಯಲ್ಲಿ ಇವರ ತಲೆ ಕಾಣಲಿಲ್ಲ. ಬಗ್ಗಿರಬೇಕು.

ಸಂಜೆ ಅತ್ತೆ ಹಿಡಿದು ಬೈದರು.

“ಮೊನ್ನೆ ನೀರು ಕೊಡಲಿಲ್ಲ, ಇವತ್ತು ಲೇಸು ಕಟ್ಟಲಿಲ್ಲ. ಗಂಡನ ಸೇವೆ ಮಾಡಿ ಮಾಡಿ ಕೈ ಸವೆದುಹೋಯ್ತಾ ನಿಂದು?”

“ಮರೆತೆ ಅತ್ತೆ.”

“ನೀನು ಮರೆಯೋಳಾ? ಉಪ್ಪಿನ ಡಬ್ಬಿ ಒಂದು ಬೆರಳು ಆ ಕಡೆ ಇಟ್ಟರೆ ಎಬ್ಬಿಸಿ ಕೇಳ್ತೀಯಾ.”

ನಿಜವಾಗಿಯೂ ಮರೆತಿದ್ದೆನೆಂದೇ ನನ್ನ ಎಣಿಕೆ. ಇವರು ಕುರ್ಚಿಯಲ್ಲಿ ಕುಳಿತು ಬೇರೆ ಕಡೆ ನೋಡುತ್ತಿದ್ದರು. ಬಾಯಿಯ ಕೊನೆ ಅಲುಗಿದಂತಿತ್ತು.

ಜುಲೈ ೪, ಶುಕ್ರವಾರ

ಸಂಜೆ ಮನೆಗೆ ಬಂದಾಗ ಕುರ್ಚಿ ಬರಿದಾಗಿತ್ತು. ಅತ್ತೆ ಹೊಸಲಿನಲ್ಲಿ ನಿಂತು ಬೀದಿಯತ್ತ ಕತ್ತು ಚಾಚಿದ್ದರು.

“ಎಲ್ಲಿ?”

“ನನ್ನ ಕೇಳ್ತೀಯಾ? ಹೋದ. ಬೇಡ ಕಣೋ ಅಂತ ಕೈ ಹಿಡ್ಕೊಂಡೆ. ಅವಳೇ ಹೇಳಿದ್ದಾಳಮ್ಮಾ ನಡೀರಿ ಅಂತ, ಅಂದ. ಬಿಡಿಸ್ಕೊಂಡು ಹೋದ.”

ನಾನು ಹೇಳಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನದಿಂದ ಒಮ್ಮೆಯೂ ಹೇಳಿರಲಿಲ್ಲ.

ಚೀಲವನ್ನು ಅಲ್ಲೇ ಇಟ್ಟೆ. ಯಾವ ಕಡೆ ಎಂದು ಕೇಳಲಿಲ್ಲ. ಬೀದಿಗಿಳಿದು ಓಡಿದೆ. ನನ್ನ ವಯಸ್ಸಿನವರು ಬೀದಿಯಲ್ಲಿ ಓಡುವುದಿಲ್ಲ. ಜನ ದಾರಿ ಬಿಟ್ಟರು. ಒಂದು ಚಪ್ಪಲಿಯ ಪಟ್ಟಿ ಕಿತ್ತುಹೋಯಿತು, ಕಳಚಿ ಕೈಯಲ್ಲಿ ಹಿಡಿದುಕೊಂಡೆ.

ಮೂಲೆಯ ಟಯರು ಅಂಗಡಿಯ ಮುಂದೆ ಇದ್ದರು. ಒಂದರ ಮೇಲೊಂದು ಪೇರಿಸಿದ ಹಳೆಯ ಟಯರುಗಳ ಮೇಲೆ ಕೈಯೂರಿ ನಿಂತಿದ್ದರು. ಅಂಗಡಿಯವನು ನೀರಿನ ಬಾಟಲಿ ಹಿಡಿದಿದ್ದ. ಇನ್ನಾರೋ ಆಟೋ ನಿಲ್ಲಿಸಿದ್ದರು.

“ಬನ್ನಿ ಅಕ್ಕಾ, ಕೂರಿಸ್ಕೊಂಡು ಹೋಗಿಬಿಡಿ,” ಎಂದ ಅಂಗಡಿಯವನು. “ತುಂಬಾ ಸುಸ್ತಾಗಿದ್ದಾರೆ.”

ಇವರ ಮುಖ ಬೆವೆತಿತ್ತು. ನನ್ನನ್ನೂ ನನ್ನ ಕೈಯಲ್ಲಿದ್ದ ಚಪ್ಪಲಿಯನ್ನೂ ನೋಡಿದರು.

“ಹೊಡೆಯೋಕೆ ಬಂದ್ಯಾ?”

“ಎದೆ ನೋಯ್ತಿದೆಯಾ?”

“ಇಲ್ಲ.”

“ಕೈ? ದವಡೆ? ತಲೆ ತಿರುಗ್ತಿದೆಯಾ?”

“ಇಲ್ಲ. ಉಸಿರು ಬಂತು, ನಿಂತೆ. ನಿಂತ ಮೇಲೆ ಭಯ ಆಯ್ತು. ಆಟೋದಲ್ಲಿ ಹೋಗೋಣ.”

ಆಟೋದವನು ಮೀಟರಿಗೆ ಕೈ ಹಾಕಿದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹತ್ತಿಸಿದ್ದರೆ ಆಗುತ್ತಿತ್ತು. ಹತ್ತಿಸಿದರೆ ಇವರು ಮತ್ತೆ ಬೀದಿಗೆ ಇಳಿಯುವುದಿಲ್ಲವೆಂಬುದು ನನಗೆ ಇಲಿಯ ಹೃದಯದ ಹೋಳಿನಷ್ಟೇ ಸ್ಪಷ್ಟವಾಗಿ ಕಾಣಿಸಿತು. ನನ್ನ ಎದೆ ಜೋರಾಗಿ ಬಡಿದುಕೊಳ್ಳುತ್ತಿತ್ತು. ಅದು ಓಡಿದ್ದರಿಂದ.

“ಬೇಡ,” ಎಂದೆ. “ಸ್ವಲ್ಪ ಹೊತ್ತು ಕೂರಿ. ಆಮೇಲೆ ನಡೀರಿ.”

ಟಯರಿನ ಮೇಲೆ ಕುಳಿತರು. ಉಸಿರು ಹತೋಟಿಗೆ ಬಂದ ಮೇಲೆ ಎದ್ದರು. ಆಟೋದವನು ಏನೋ ಗೊಣಗಿಕೊಂಡು ಹೋದ. ನಾವು ಹೊರಟೆವು. ಮಾತು ಹೊರಡುವಷ್ಟು ಉಸಿರಿದ್ದರೆ ನಡೆಯಬಹುದೆಂದು ವೈದ್ಯರು ಆಸ್ಪತ್ರೆಯಿಂದ ಕಳಿಸುವಾಗಲೇ ನನಗೆ ಹೇಳಿದ್ದರು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ.

“ಮಾತಾಡಿ,” ಎಂದೆ.

“ಏನು ಮಾತಾಡಲಿ?”

“ಏನಾದರೂ.”

“ಬಡಗಿ ತಲೆ ನೋಡಿದ್ಯಾ? ಎಡಗಡೆ ಇಲಿ ಕಡಿದ ಹಾಗಿದೆ. ಹಾಗೇ ಬೀದಿ ತುಂಬಾ ತಿರುಗ್ತಾನೆ. ನನ್ನ ಮರ್ಯಾದೆ ಏನಾಗಬೇಕು? ಅದೊಂದನ್ನ ನಿಂತ್ಕೊಂಡು ಸರಿ ಮಾಡಬೇಕು.” ನಾಲ್ಕು ಹೆಜ್ಜೆಗೊಮ್ಮೆ ಮಾತು ನಿಲ್ಲುತ್ತಿತ್ತು. ಮತ್ತೆ ಹೊರಡುತ್ತಿತ್ತು. “ನೀನು ಬೈತೀಯಾ ಅಂದ್ಕೊಂಡಿದ್ದೆ.”

“ಬೈತೀನಿ. ಮನೆ ಬರಲಿ.”

“ಸುಳ್ಳು ಹೇಳಿದೆ ಅಮ್ಮನ ಹತ್ರ. ನಿನ್ನ ಹೆಸರು ಹೇಳಿಬಿಟ್ಟೆ.”

ಇವರ ತೋಳು ಹಿಡಿದಿದ್ದೆ. ಅದು ಬಿಸಿಯಾಗಿತ್ತು, ಒದ್ದೆಯಾಗಿತ್ತು. ಎಷ್ಟೋ ದಿನಗಳಿಂದ ಇವರ ಲೇಸು, ಲೋಟ, ಮಾತ್ರೆಗಳನ್ನಷ್ಟೇ ಮುಟ್ಟುತ್ತಿದ್ದೆ.

ಅತ್ತೆ ಹೊಸಲಿನಲ್ಲಿ ಹಾಗೆಯೇ ನಿಂತಿದ್ದರು. ಮಗನನ್ನು ನೋಡಲಿಲ್ಲ; ನನ್ನನ್ನೇ ನೋಡಿದರು.

“ನಿಜ ಹೇಳು. ನೀನೇನಾ ನಡೀರಿ ಅಂದಿದ್ದು?”

ಇವರು ಬಾಯಿ ತೆರೆಯಲು ಹೊರಟರು. ನಾನು ತೋಳು ಒತ್ತಿದೆ.

“ಹೌದು ಅತ್ತೆ. ನಾನೇ ಹೇಳಿದ್ದು. ಮುಂಚೆಯೂ ನಾನೇ, ಈಗಲೂ ನಾನೇ. ನಾಳೆಯೂ ಹೇಳ್ತೀನಿ.”

ಅತ್ತೆ ಪಕ್ಕಕ್ಕೆ ಸರಿದು ಮಗನಿಗೆ ದಾರಿ ಬಿಟ್ಟರು. ಇವರು ಗೋಡೆ ಹಿಡಿಯದೆ ಒಳಗೆ ಬಂದರು.

“ಎಲ್ಲೀವರೆಗೆ ಹೋಗಿದ್ಯೋ?”

“ಟಯರಂಗಡೀವರೆಗೆ ಅಮ್ಮಾ.”

ಅತ್ತೆ ಸೆರಗಿನಿಂದ ಮಗನ ಹಣೆ ಒರೆಸಿದರು.

“ಅಷ್ಟೇನಾ?” ಎಂದರು.